12,34,56,789ನ್ನು ಕಾಗದದ ಮೇಲೆ ಒಡೆಯುವುದು ಹೇಗೆ?

ಪ್ರಶ್ನೆ: 12,34,56,789 ಸಂಖ್ಯೆಯ ಗುಣಗಳನ್ನು ಕೈಲೆಕ್ಕದಲ್ಲೇ ಕಂಡುಕೊಳ್ಳಲು ಹೊರಟೆ. 9ರಿಂದ ಭಾಗಿಸಿದಾಗ 1,37,17,421 ಉಳಿಯಿತು. ಇದನ್ನು 100ರ ಒಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದೆ, ಯಾವುದರಿಂದಲೂ ನಿಶ್ಶೇಷವಾಗಿ ಹೋಗಲಿಲ್ಲ. ಹಾಗಾದರೆ ಇದು ಅವಿಭಾಜ್ಯವೇ? ಇನ್ನೊಂದು ಗೊಂದಲ: ಸ್ಪ್ರೆಡ್‌ಶೀಟ್‌ನಲ್ಲಿ ಮೂಲ ಸಂಖ್ಯೆಯ ವರ್ಗ ತೆಗೆದರೆ ಕೊನೆಯಲ್ಲಿ ಎರಡು ಸೊನ್ನೆ ಬರುತ್ತವೆ. 9ರಲ್ಲಿ ಮುಗಿಯುವ ಸಂಖ್ಯೆಯ ವರ್ಗ ಸೊನ್ನೆಯಲ್ಲಿ ಮುಗಿಯುವುದು ಹೇಗೆ?

ಉತ್ತರ: 1,37,17,421 ಅವಿಭಾಜ್ಯವಲ್ಲ. ಅದು 3607 × 3803. ನಿಮ್ಮ ದಾರಿ ತಪ್ಪಲ್ಲ, ಆದರೆ ತೀರಾ ಬೇಗ ನಿಂತಿದ್ದೀರಿ. ಒಂದು ಸಂಖ್ಯೆ ಅವಿಭಾಜ್ಯ ಎಂದು ಭಾಗಿಸಿ ನೋಡಿಯೇ ಖಚಿತಪಡಿಸಿಕೊಳ್ಳಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. 1,37,17,421ರ ವರ್ಗಮೂಲ 3703ಕ್ಕಿಂತ ಸ್ವಲ್ಪ ಹೆಚ್ಚು. 100ರ ಒಳಗೆ ಇರುವ ಅವಿಭಾಜ್ಯಗಳು ಬರೀ 25. 3607 ಅವಿಭಾಜ್ಯಗಳ ಸಾಲಿನಲ್ಲಿ 504ನೆಯದು. ಅಂದರೆ ನೀವು ಹಿಡಿದ ದಾರಿಯಲ್ಲೇ ಹೋಗಿದ್ದರೆ ಇನ್ನೂ 479 ಭಾಗಾಕಾರ ಮಾಡಬೇಕಿತ್ತು. ಇದೇ ಉತ್ತರವನ್ನು ಎರಡೇ ಹೆಜ್ಜೆಯಲ್ಲಿ ಕೊಡುವ ದಾರಿಯೊಂದಿದೆ. ಅದಕ್ಕೆ ಮೊದಲು, ಸಣ್ಣ ಅಪವರ್ತನಗಳನ್ನು ಕಡಿಮೆ ಶ್ರಮದಲ್ಲಿ ಜರಡಿ ಹಿಡಿಯುವ ಬಗೆ ನೋಡೋಣ.

ಅಂಕೆಗಳ ಮೊತ್ತ 45. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ ಶೇಷ 1 ಆದ್ದರಿಂದ, ಸಂಖ್ಯೆಗೂ ಅದರ ಅಂಕೆಗಳ ಮೊತ್ತಕ್ಕೂ 9ರಲ್ಲಿ ಒಂದೇ ಶೇಷ. 45 ಎಂಬುದು 9ರಿಂದ ಭಾಗವಾಗುತ್ತದೆ, ಹಾಗಾಗಿ ಮೂಲ ಸಂಖ್ಯೆಯೂ ಭಾಗವಾಗುತ್ತದೆ. ಇಲ್ಲಿ ಅಂಕೆಗಳ ಕ್ರಮಕ್ಕೆ ಪಾತ್ರವೇ ಇಲ್ಲ ಎಂಬುದನ್ನು ಗಮನಿಸಿ. 1ರಿಂದ 9ರವರೆಗಿನ ಅಂಕೆಗಳನ್ನು ತಲಾ ಒಮ್ಮೆ ಬಳಸಿ ಬರೆಯಬಹುದಾದ 3,62,880 ಸಂಖ್ಯೆಗಳೆಲ್ಲವೂ 9ರಿಂದ ಭಾಗವಾಗುತ್ತವೆ. ಅವುಗಳಲ್ಲಿ ಒಂದೂ ಅವಿಭಾಜ್ಯವಲ್ಲ, ಹುಡುಕುವ ಅಗತ್ಯವೇ ಇಲ್ಲ.

7, 11, 13 ಮೂರನ್ನೂ ಒಂದೇ ಬಾರಿಗೆ ಪರೀಕ್ಷಿಸಬಹುದು, ಏಕೆಂದರೆ 7 × 11 × 13 = 1001. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕೆಗಳಾಗಿ ಕತ್ತರಿಸಿ, ಬಲತುದಿಯ ಗುಂಪಿನಿಂದ ಶುರುಮಾಡಿ ಒಮ್ಮೆ ಕೂಡಿಸಿ ಒಮ್ಮೆ ಕಳೆಯಿರಿ: 789 − 456 + 123 = 456. ಇನ್ನು ಕೆಲಸ ಈ ಪುಟ್ಟ 456ರ ಮೇಲೆ ಮಾತ್ರ. 7ರಿಂದ ಭಾಗಿಸಿದರೆ ಶೇಷ 1, 11ರಿಂದ 5, 13ರಿಂದ 1. ಮೂರೂ ಅಪವರ್ತನವಲ್ಲ. ಎಡದಿಂದ ಶುರುಮಾಡುವುದು ಇಲ್ಲಿ ಹಲವರು ಮಾಡುವ ತಪ್ಪು. ಗುಂಪುಗಳು ಬೆಸ ಸಂಖ್ಯೆಯಲ್ಲಿದ್ದರೆ ಅದರಿಂದ ವ್ಯತ್ಯಾಸವಾಗದು. ಸಮ ಸಂಖ್ಯೆಯಲ್ಲಿದ್ದರೆ ಮಾತ್ರ ಚಿಹ್ನೆ ತಿರುಗುಮುರುಗಾಗಿ ಶೇಷ ತಪ್ಪಾಗುತ್ತದೆ.

27 × 37 = 999 ಆದ್ದರಿಂದ ಅದೇ ಗುಂಪುಗಳನ್ನು ಬರೀ ಕೂಡಿಸಿದರೆ ಇನ್ನೆರಡು ಪರೀಕ್ಷೆ ಮುಗಿಯುತ್ತವೆ: 123 + 456 + 789 = 1368, ಮತ್ತೆ 1 + 368 = 369. 37ರಲ್ಲಿ ಶೇಷ 36, 27ರಲ್ಲಿ ಶೇಷ 18. ಎರಡನೆಯ ಶೇಷ ಮುಖ್ಯವಾದದ್ದು. 9ರಿಂದ ಹೋಗುತ್ತದೆ, 27ರಿಂದ ಹೋಗುವುದಿಲ್ಲ ಎಂದರೆ ಅಪವರ್ತನದಲ್ಲಿ 3ರ ಘಾತ ಸರಿಯಾಗಿ 2. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. 9ರಿಂದ ಭಾಗಿಸಿದ ಮೇಲೆ ಭಾಗಲಬ್ಧವನ್ನು ಮತ್ತೆ 3ರಿಂದ ನೋಡಲು ಮರೆಯುವವರು ಬಹಳ. ಘಾತ ಒಂದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಈಗ 1,37,17,421. ಬೆಸ ಸಂಖ್ಯೆಯೊಂದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿಯೂ ಬರೆಯಬಹುದು. ಎರಡೂ ಅಪವರ್ತನಗಳ ಸರಾಸರಿಯ ವರ್ಗದಿಂದ ಅವುಗಳ ಅರ್ಧ ಅಂತರದ ವರ್ಗ ಕಳೆದರೆ ಅದೇ ಗುಣಲಬ್ಧ. 17ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ಇದನ್ನು ತಿರುಗಿಸಿ ಬಳಸಿದರು: ವರ್ಗಮೂಲಕ್ಕಿಂತ ತುಸು ದೊಡ್ಡ ಪೂರ್ಣ ಸಂಖ್ಯೆಯಿಂದ ಹೊರಟು, ಅದರ ವರ್ಗದಿಂದ ನಮ್ಮ ಸಂಖ್ಯೆ ಕಳೆದಾಗ ಉಳಿಯುವುದು ಪೂರ್ಣವರ್ಗವೇ ಎಂದು ನೋಡುತ್ತಾ ಹೋಗುವುದು.

3703² = 1,37,12,209. ಇದು ನಮ್ಮ ಸಂಖ್ಯೆಗಿಂತ ಚಿಕ್ಕದು, ಬಿಡಿ.

3704² = 1,37,19,616. ಕಳೆದರೆ 2195. ವರ್ಗಸಂಖ್ಯೆ 5ರಲ್ಲಿ ಮುಗಿಯುವುದಾದರೆ ಅದರ ಕೊನೆಯ ಎರಡಂಕೆ 25 ಇರಲೇಬೇಕು. ಇಲ್ಲಿ 95 ಇದೆ, ಹಾಗಾಗಿ ಇದು ವರ್ಗವಲ್ಲ.

3705² = 1,37,27,025. ಕಳೆದರೆ 9604. ಇದು 98².

ಸಿಕ್ಕಿತು. 3705 − 98 = 3607, 3705 + 98 = 3803.

ಮುಂದಿನ ವರ್ಗವನ್ನು ಪ್ರತಿ ಸಲ ಹೊಸದಾಗಿ ಗುಣಿಸಿ ತೆಗೆಯಬೇಡಿ. 3704ರಿಂದ 3705ಕ್ಕೆ ಹೋಗುವಾಗ ವರ್ಗ ಹೆಚ್ಚುವುದು 3704 + 3705 = 7409ರಷ್ಟು. ಹಾಗಾಗಿ 2195ಕ್ಕೆ 7409 ಕೂಡಿಸಿದರೆ ನೇರವಾಗಿ 9604. ಅದರ ಮುಂದಿನ ಹೆಜ್ಜೆಗೆ 7411, ಆಮೇಲೆ 7413. ಬರೀ ಸಂಕಲನ. ಪೂರ್ಣವರ್ಗವೇ ಎಂದು ನೋಡುವಾಗಲೂ ಪ್ರತಿ ಸಲ ವರ್ಗಮೂಲ ತೆಗೆಯಬೇಕಿಲ್ಲ. 2, 3, 7, 8ರಲ್ಲಿ ಮುಗಿದರೆ ವರ್ಗವಲ್ಲ, ಕೊನೆಯಲ್ಲಿ ಒಂಟಿ ಸೊನ್ನೆಯಿದ್ದರೂ ಅಲ್ಲ. 9ನ್ನು ತೆಗೆಯದೆ ಇಡೀ 12,34,56,789ರ ಮೇಲೆಯೇ ಈ ವಿಧಾನ ಹಚ್ಚಿದ್ದರೆ 11,112ರಿಂದ ಶುರುವಾಗಿ ಕ್ರಮವಾಗಿ 19,755, 41,980, 64,207 ಬರುತ್ತವೆ. ಮೂರನ್ನೂ ಬಾಲ ನೋಡಿಯೇ ತಳ್ಳಿಹಾಕಬಹುದು. ನಾಲ್ಕನೆಯದು 86,436, ಅಂದರೆ 294². ಹೀಗೆ 12,34,56,789 = 11,115² − 294², ಅಂದರೆ 10,821 × 11,409.

ಆದರೆ ಇದು ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈ ಅಲ್ಲ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಬೇಗ ಕೆಲಸವಾಗುತ್ತದೆ. ಇದೇ ಬಗೆಯ ಇನ್ನೊಂದು ಸಂಖ್ಯೆ 12,34,567 ತೆಗೆದುಕೊಳ್ಳಿ. ಅದು 127 × 9721. ಫರ್ಮಾ ವಿಧಾನದಲ್ಲಿ 1112ರಿಂದ ಹೊರಟು 4924ರವರೆಗೆ ನಡೆಯಬೇಕು, ಅಂದರೆ 3813 ಹೆಜ್ಜೆ. ಸಾದಾ ಭಾಗಾಕಾರದಲ್ಲಾದರೋ 127 ಎಂಬುದು 31ನೇ ಅವಿಭಾಜ್ಯ, 31ನೇ ಪ್ರಯತ್ನಕ್ಕೇ ಸಿಗುತ್ತದೆ. ಒಂದು ವಿಧಾನದ ದೌರ್ಬಲ್ಯ ಇನ್ನೊಂದರ ಬಲ. ಹಾಗಾಗಿ ಮೊದಲು ನೀವು ಮಾಡಿದಂತೆ ಸಣ್ಣ ಅವಿಭಾಜ್ಯಗಳಿಂದ 100 ಅಥವಾ 200ರವರೆಗೆ ಭಾಗಿಸಿ, ಆಮೇಲೆ ಹತ್ತಿಪ್ಪತ್ತು ಫರ್ಮಾ ಹೆಜ್ಜೆ ಹಾಕಿ. ಎರಡರಲ್ಲೂ ಸಿಗದಿದ್ದರೆ ಯಂತ್ರಕ್ಕೆ ಒಪ್ಪಿಸುವುದು ಜಾಣತನ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಆಧರಿಸಿದ ಆರ್‌ಎಸ್‌ಎ ಗೂಢಲಿಪಿಯ ಕೀಲಿ ತಯಾರಿಸುವಾಗ ಆ ಎರಡು ಅವಿಭಾಜ್ಯಗಳು ತೀರಾ ಹತ್ತಿರ ಇರಬಾರದು ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ. ನೂರಾರು ಅಂಕೆಗಳಿದ್ದರೂ ಅಂಥ ಕೀಲಿಯನ್ನು ಈ ಹಳೆಯ ವಿಧಾನ ಒಡೆದುಬಿಡುತ್ತದೆ.

3607, 3803 ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅವು ಅವಿಭಾಜ್ಯ ಎಂಬುದನ್ನೂ ನೋಡಬೇಕು. 3607ರ ವರ್ಗಮೂಲ 60ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಹಾಗಾಗಿ 59ರವರೆಗಿನ 17 ಅವಿಭಾಜ್ಯ ಸಾಕು. 3803ಕ್ಕೆ 61ರವರೆಗೆ ಹೋಗಬೇಕು. ನೀವಂತೂ ಇದನ್ನು ಆಗಲೇ ಮಾಡಿ ಮುಗಿಸಿದ್ದೀರಿ! 1,37,17,421ಕ್ಕೆ 100ರ ಒಳಗಿನ ಅವಿಭಾಜ್ಯ ಅಪವರ್ತನ ಇಲ್ಲ ಎಂದು ಕಂಡುಕೊಂಡಿರಿ. ಅದರ ಅಪವರ್ತನಗಳಾದ 3607, 3803ಕ್ಕೂ ಅಂಥದ್ದು ಇರಲಾರದು. ನಿಮ್ಮ ಆ 25 ಭಾಗಾಕಾರಗಳು ವ್ಯರ್ಥವಾಗಲಿಲ್ಲ, ಕೊನೆಯ ಸಾಕ್ಷಿ ಅವೇ.

ಹೀಗಾಗಿ 12,34,56,789 = 3² × 3607 × 3803. ಈ ಒಂದು ಸಾಲು ಕೈಗೆ ಬಂದರೆ ಉಳಿದ ಗುಣಗಳು ತಾವಾಗಿ ಬರುತ್ತವೆ.

ಭಾಜಕಗಳು ಎಷ್ಟು? ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸಿ: 3 × 2 × 2 = 12. ಅವು 1, 3, 9, 3607, 3803, 10,821, 11,409, 32,463, 34,227, 1,37,17,421, 4,11,52,263 ಮತ್ತು 12,34,56,789. ಪಟ್ಟಿಯ ಮೊದಲನೆಯದನ್ನು ಕೊನೆಯದರೊಂದಿಗೆ, ಎರಡನೆಯದನ್ನು ಕೊನೆಯಿಂದ ಎರಡನೆಯದರೊಂದಿಗೆ ಜೋಡಿಸುತ್ತಾ ಹೋದರೆ ಪ್ರತಿ ಜೋಡಿಯ ಗುಣಲಬ್ಧವೂ ಮೂಲ ಸಂಖ್ಯೆಯೇ ಆಗಬೇಕು. ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಜೋಡಿಗಳು ಆರು, ಸಂಖ್ಯೆ ಬೆಸ. ಹಾಗಾಗಿ ಇದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಸರಿಯಾಗಿ ಆರು ರೀತಿಯಲ್ಲಿ ಬರೆಯಬಹುದು. ಮೇಲೆ ಕಂಡ 11,115² − 294² ಅವುಗಳಲ್ಲಿ ಅತಿ ಚಿಕ್ಕದು, 6,17,28,395² − 6,17,28,394² ಅತಿ ದೊಡ್ಡದು.

ಭಾಜಕಗಳ ಮೊತ್ತಕ್ಕೆ (1 + 3 + 9) × (1 + 3607) × (1 + 3803) = 13 × 3608 × 3804 = 17,84,22,816. ಸಂಖ್ಯೆಯನ್ನೇ ಕಳೆದರೆ ಉಳಿದ ಹನ್ನೊಂದು ಭಾಜಕಗಳ ಮೊತ್ತ 5,49,66,027. ಇದು ಮೂಲ ಸಂಖ್ಯೆಯ ಅರ್ಧಕ್ಕೂ ಕಡಿಮೆ. ಪರಿಪೂರ್ಣ ಸಂಖ್ಯೆಯಾಗಲು ಆ ಮೊತ್ತವೂ ಮೂಲ ಸಂಖ್ಯೆಯೂ ಒಂದೇ ಆಗಿರಬೇಕಿತ್ತು, ಇದು ಕೊರತೆಯ ಸಂಖ್ಯೆಗಳ ಗುಂಪಿಗೆ ಸೇರುತ್ತದೆ.

ಇದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ, ಇದಕ್ಕಿಂತ ಚಿಕ್ಕ ಸಂಖ್ಯೆಗಳು 6 × 3606 × 3802 = 8,22,60,072. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. 3ರ ಅಪವರ್ತ್ಯಗಳು ಹೋದರೆ ಉಳಿಯುವುದೇ ಅಷ್ಟು, 3607 ಮತ್ತು 3803 ತೆಗೆದುಹಾಕುವುದು ಅತ್ಯಲ್ಪ.

ವರ್ಗಗಳ ಮೊತ್ತದ ವಿಷಯದಲ್ಲಿ ಒಂದು ಗುಂಡಿಯಿದೆ, ಎಚ್ಚರ. ಅವಿಭಾಜ್ಯ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೆ ಅದು ಎರಡು ವರ್ಗಗಳ ಮೊತ್ತ ಎಂದು ಓದಿರುತ್ತೀರಿ. 12,34,56,789ನ್ನು 4ರಿಂದ ಭಾಗಿಸಿದರೂ ಶೇಷ 1. ಆದರೂ ಇದು ಎರಡು ವರ್ಗಗಳ ಮೊತ್ತವಲ್ಲ. ಆ ನಿಯಮ ಅವಿಭಾಜ್ಯಗಳಿಗೆ ಮಾತ್ರ. ಉಳಿದ ಸಂಖ್ಯೆಗಳಲ್ಲಿ, 4ರಿಂದ ಭಾಗಿಸಿದಾಗ ಶೇಷ 3 ಬರುವ ಪ್ರತಿ ಅವಿಭಾಜ್ಯ ಅಪವರ್ತನದ ಘಾತವೂ ಸಮ ಇರಬೇಕು. ಇಲ್ಲಿ 3ಕ್ಕೆ ಘಾತ 2, ತೊಂದರೆಯಿಲ್ಲ. 3607, 3803 ಎರಡಕ್ಕೂ ಶೇಷ 3, ಘಾತ 1. ಅಲ್ಲಿಗೆ ದಾರಿ ಮುಚ್ಚಿತು. ಎರಡು ‘ಶೇಷ 3’ಗಳು ಗುಣಿಸಿಕೊಂಡಾಗ ಒಟ್ಟು ಶೇಷ 1 ಆಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ.

ಮೂರು ವರ್ಗಗಳಾದರೆ ಸಾಕಾಗುತ್ತವೆ. 4ರಿಂದ ಭಾಗವಾಗದ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಶೇಷ 7 ಬಾರದಿದ್ದರೆ ಅದು ಮೂರು ವರ್ಗಗಳ ಮೊತ್ತ ಎಂಬುದು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಅವರ ಪ್ರಮೇಯದ ಒಂದು ಭಾಗ. ಇಲ್ಲಿ ಶೇಷ 5. ಪ್ರಮೇಯ ಇದೆ ಎನ್ನುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಈ ಸಂಖ್ಯೆಯಲ್ಲಿ ಹುಡುಕುವುದು ಸುಲಭ. ಇದರೊಳಗೆ ಹಿಡಿಯುವ ಅತಿ ದೊಡ್ಡ ವರ್ಗ 11,111² = 12,34,54,321. ಉಳಿಯುವುದು 2468, ಅಂದರೆ 4 × 617. ಅವಿಭಾಜ್ಯವಾದ 617 = 19² + 16². ಪ್ರತಿಯೊಂದನ್ನೂ ಇಮ್ಮಡಿಸಿದರೆ 2468 = 38² + 32². ಹೀಗೆ 12,34,56,789 = 11,111² + 38² + 32².

ವರ್ಗಮೂಲ 11,111.11ರ ಸುತ್ತ ಬಂದದ್ದು ಆಕಸ್ಮಿಕವಲ್ಲ. ಈ ಸಂಖ್ಯೆಯನ್ನು 81ರಿಂದ ಗುಣಿಸಿ ನೋಡಿ: 9,99,99,99,909. ಸಾವಿರ ಕೋಟಿಗೆ ಬರೀ 91 ಕಡಿಮೆ! ಅಂದರೆ ನಮ್ಮ ಸಂಖ್ಯೆ ಹೆಚ್ಚುಕಡಿಮೆ ಸಾವಿರ ಕೋಟಿಯ 81ನೇ ಒಂದು ಪಾಲು. ಅದರ ವರ್ಗಮೂಲ ಒಂದು ಲಕ್ಷದ 9ನೇ ಒಂದು ಪಾಲಿನ ಹತ್ತಿರ ಇರಲೇಬೇಕು, ಅದೇ 11,111.11… (ನಿಜವಾದ ಬೆಲೆ 11,111.11106). ಈ ಸಂಖ್ಯೆಯ ಗುಣಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಈ 81, 91ರ ಸಂಬಂಧವೇ. 1ನ್ನು 12,34,56,789ರಿಂದ ಭಾಗಿಸಿ, ದಶಮಾಂಶ ಬಿಂದುವಿನ ನಂತರದ ಅಂಕೆಗಳನ್ನು ಹತ್ತು ಹತ್ತಾಗಿ ಕತ್ತರಿಸಿ ಬರೆದರೆ ಹೀಗೆ ಬರುತ್ತದೆ:

0. 0000000081 0000007371 0000670761 0061039251 …

ಮೊದಲ ಗುಂಪು 81. ಅಲ್ಲಿಂದ ಪ್ರತಿ ಗುಂಪೂ ಹಿಂದಿನದರ 91 ಪಟ್ಟು. 81 × 91 = 7371, 7371 × 91 = 6,70,761, ಅದರ 91 ಪಟ್ಟು 6,10,39,251. ಐದನೇ ಗುಂಪಿಗೆ ಬರುವ ಹೊತ್ತಿಗೆ ಮುಂದಿನ ಗುಂಪು ಹತ್ತು ಅಂಕೆ ಮೀರಿ ದಶಕ ಹಿಂದಕ್ಕೆ ಸೇರುತ್ತದೆ, ವಿನ್ಯಾಸ ಕಣ್ಣಿಗೆ ಮರೆಯಾಗುತ್ತದೆ. ಮೊದಲ 40 ಅಂಕೆಗಳನ್ನಂತೂ ಬಾಯಲ್ಲೇ ಹೇಳಬಹುದು.

ಈ ದಶಮಾಂಶ ಎಷ್ಟು ಅಂಕೆಗಳ ನಂತರ ಮರುಕಳಿಸುತ್ತದೆ ಎಂಬುದಕ್ಕೂ ಅಪವರ್ತನವೇ ಉತ್ತರ ಕೊಡುತ್ತದೆ. ಪ್ರತಿ ಅಪವರ್ತನಕ್ಕೂ, 10ರ ಯಾವ ಘಾತ ಮೊದಲ ಬಾರಿಗೆ ಶೇಷ 1 ಕೊಡುತ್ತದೆ ಎಂದು ನೋಡಬೇಕು. 9ಕ್ಕೆ ಮೊದಲ ಘಾತವೇ ಸಾಕು. 3607ಕ್ಕೆ 3606, ಅಂದರೆ ಸಾಧ್ಯವಿರುವ ಗರಿಷ್ಠ. 3803ಕ್ಕೆ 1901, ಗರಿಷ್ಠದ ಅರ್ಧ. ಇವುಗಳ ಲ.ಸಾ.ಅ. 3606 × 1901 = 68,55,006. ಅಷ್ಟು ಅಂಕೆಗಳಾದ ಮೇಲೆ ಸಾಲು ಮತ್ತೆ ಮೊದಲಿನಿಂದ ಶುರು. 3607 × 3803 ಎಂದು ಗುಣಿಸಿದ ಹಾಗೆ ಅವಧಿಗಳನ್ನೂ ಗುಣಿಸಿಬಿಡುವುದು ಸಾಮಾನ್ಯ ತಪ್ಪು. ಇಲ್ಲಿ 1901 ಅವಿಭಾಜ್ಯವಾಗಿದ್ದು 3606ನ್ನು ಭಾಗಿಸದ ಕಾರಣ ಗುಣಲಬ್ಧವೂ ಲ.ಸಾ.ಅ.ವೂ ಒಂದೇ ಆಯಿತು, ಎಲ್ಲ ಕಡೆ ಹಾಗಾಗದು.

ತಿರುಗಿಸಿ ಬರೆದ 98,76,54,321ರೊಂದಿಗೆ ಇದರ ಸಂಬಂಧವನ್ನೂ ಒಮ್ಮೆ ನೋಡಿ. ಯೂಕ್ಲಿಡ್ ವಿಧಾನದಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಭಾಗಲಬ್ಧ 8, ಶೇಷ 9. ಮುಂದಿನ ಹೆಜ್ಜೆಯಲ್ಲಿ 9 ನಿಶ್ಶೇಷವಾಗಿ ಹೋಗುತ್ತದೆ, ಮ.ಸಾ.ಅ. 9. ಎರಡನೇ ಸಾಲಿಗೇ ಮುಗಿಯಿತು. ಕ್ಯಾಲ್ಕುಲೇಟರ್‌ನಲ್ಲಿ ಈ ಭಾಗಾಕಾರ ಮಾಡಿದರೆ 8.0000000729 ಬರುತ್ತದೆ. ಪರದೆಯಲ್ಲಿ ಜಾಗ ಸಾಲದಿದ್ದರೆ ಬರೀ 8 ಎಂದು ತೋರಿಸಿ, ನಿಶ್ಶೇಷವಾಗಿ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ.

ದ್ವಿಮಾನ ರೂಪ 111010110111100110100010101. ಒಟ್ಟು 27 ಅಂಕೆ, ಅದರಲ್ಲಿ 16 ಒಂದುಗಳು. ಕೊನೆಯ ಮೂರು ಅಂಕೆ 101, ಅಂದರೆ 5. ಮೇಲೆ 8ರಿಂದ ಭಾಗಿಸಿದಾಗ ಬಂದ ಶೇಷವೂ 5. ದ್ವಿಮಾನಕ್ಕೆ ಬದಲಿಸಿದಾಗಲೆಲ್ಲ ಈ ತಾಳೆ ನೋಡಿಕೊಳ್ಳಿ.

ಇನ್ನು ಸ್ಪ್ರೆಡ್‌ಶೀಟ್‌ನ ಎರಡು ಸೊನ್ನೆಗಳು. 12,34,56,789ರ ವರ್ಗ 15241578750190521, ಒಟ್ಟು 17 ಅಂಕೆ. ಎಕ್ಸೆಲ್ ಸಂಖ್ಯೆಯ ಮೊದಲ 15 ಅಂಕೆಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಹಾಗಾಗಿ ನಿಮಗೆ ಕಂಡದ್ದು 15241578750190500. ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ಗುಣಾಕಾರ ಮಾಡಿದರೆ 15241578750190520 ಬರುತ್ತದೆ, ಅದೂ ತಪ್ಪು. ಅಲ್ಲಿ ಬಳಸುವ 64 ಬಿಟ್‌ನ ದ್ವಿಮಾನ ತೇಲುಬಿಂದು (ಫ್ಲೋಟಿಂಗ್ ಪಾಯಿಂಟ್) ಸಂಗ್ರಹದಲ್ಲಿ 9007199254740992 ದಾಟಿದ ಮೇಲೆ ಬೆಸ ಸಂಖ್ಯೆಗಳಿಗೆ ಜಾಗವೇ ಇಲ್ಲ, ಪಕ್ಕದ ಸಮ ಸಂಖ್ಯೆಗೆ ಸರಿಯುತ್ತವೆ. ಪೈಥಾನ್‌ನ ಪೂರ್ಣ ಸಂಖ್ಯೆಗಳಿಗೆ ಈ ಮಿತಿಯಿಲ್ಲ. ಆದರೆ ಅಲ್ಲಿ ಭಾಗಿಸುವಾಗ ಒಂಟಿ ಓರೆಗೆರೆ ಬಳಸಿದರೆ ಫಲಿತಾಂಶ ಮತ್ತೆ ತೇಲುಬಿಂದು ಸಂಗ್ರಹಕ್ಕೆ ಬಿದ್ದು ಅದೇ ರೋಗ ಅಂಟುತ್ತದೆ. ಜೋಡಿ ಓರೆಗೆರೆಯನ್ನೇ ಬಳಸಿ.

ಸ್ಪ್ರೆಡ್‌ಶೀಟ್ ಬಿಟ್ಟು ಬೇರೇನೂ ಕೈಯಲ್ಲಿಲ್ಲದಿದ್ದರೆ ಸಂಖ್ಯೆಯನ್ನು 12345 ಮತ್ತು 6789 ಎಂದು ಎರಡು ತುಂಡು ಮಾಡಿ. 12345² = 15,23,99,025. 2 × 12345 × 6789 = 16,76,20,410. 6789² = 4,60,90,521. ಮೂರೂ 15 ಅಂಕೆಯ ಮಿತಿಯೊಳಗೆ ಆರಾಮವಾಗಿವೆ. ಮೊದಲನೆಯದರ ಮುಂದೆ ಎಂಟು ಸೊನ್ನೆ, ಎರಡನೆಯದರ ಮುಂದೆ ನಾಲ್ಕು ಸೊನ್ನೆ ಹಾಕಿ, ಮೂರನ್ನೂ ಒಂದರ ಕೆಳಗೊಂದು ಬರೆದು ಕಾಗದದ ಮೇಲೆ ಕೂಡಿಸಿ. ಕೂಡಿಸುವುದನ್ನು ಮತ್ತೆ ಸ್ಪ್ರೆಡ್‌ಶೀಟ್‌ಗೆ ಬಿಟ್ಟರೆ ಕೊನೆಯ 21 ಮತ್ತೆ 00 ಆಗುತ್ತದೆ. ಬಂದ ಉತ್ತರದ ಬಿಡಿಸ್ಥಾನ 1 ಇರಬೇಕು, ಅಂಕೆಗಳ ಮೊತ್ತ 63 ಇರಬೇಕು.